ಹದಿಮೂರು ತಾಂಡೇಲರು

ಕೆಂಪು ಸೀಮೆಸುಣ್ಣ ಬೆರಳಿಗೆ ಅಂಟಿಕೊಂಡಿತು, ಕುಮಟೆಯ ಮಳೆಗಾಲದಲ್ಲಿ ಸೀಮೆಸುಣ್ಣವೂ ಬೆವರುತ್ತದೆ, ಸೆರಗಿಗೆ ಒರೆಸಿಕೊಳ್ಳಲು ಹೋದ ವಿನುತಾ ಕೈ ತಡೆದಳು — ಬೇಡ, ಈ ಬಣ್ಣ ಸೆರಗಿಗೆ ಬೇಡ — ಬೋರ್ಡಿನ ಮೇಲೆ ಅವಳೇ ಬರೆದ ದೊಡ್ಡ ಗುಂಡು, ಆರ್‌ಎನ್‌ಎ ಪಾಲಿಮರೇಸ್, ಅದರ ಮಗ್ಗುಲಿಗೆ ಚಿಕ್ಕದೊಂದು ಕೆಂಪು ಗುಂಡು, ಸಿಗ್ಮಾ, ನೋಡಿ ಮಕ್ಕಳೇ, ದೊಡ್ಡದು ದೋಣಿಯ ಎಂಜಿನ್, ಎಷ್ಟು ಜೋರಿದ್ದರೇನು, ಬಲೆ ಎಲ್ಲಿ ಬಿಡಬೇಕೆಂದು ಅದಕ್ಕೆ ಗೊತ್ತಿಲ್ಲ, ಅದನ್ನು ಹೇಳುವವನು ದೋಣಿ ನಡೆಸುವ ತಾಂಡೇಲ, ಯಾವ ಜೀನನ್ನು ಎಲ್ಲಿಂದ ಓದಬೇಕೆಂದು ತೋರಿಸುವುದು ಈ ಸಿಗ್ಮಾ. ಆರು ವರ್ಷದಿಂದ ಇದೇ ಪಾಠ, ಇದೇ ತಾಂಡೇಲ, ಪುಸ್ತಕದಲ್ಲಿ ಎಲ್ಲೂ ಇಲ್ಲದ ಹೋಲಿಕೆ, ಹೇಳಿಕೊಟ್ಟವನು ಅವಳ ಅಣ್ಣ ನಾಗ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಭಟ್ಕಳ ಬಂದರಿನಲ್ಲಿ ದೋಣಿ ಹತ್ತಿ ತಂಗಿಯನ್ನು ಎಂಎಸ್ಸಿ ಮಾಡಿಸಿದವನು, ಎಂತದೇ ಅದು ಸಿಗ್ಮಾ, ನಮ್ಮ ಕೃಷ್ಣಾನಂದ ತಾಂಡೇಲನ ಹಾಂಗಾ ಎಂದು ಊಟದ ಬಟ್ಟಲೆದುರು ಕೂತು ನಕ್ಕವನು, ನಗುತ್ತ ನಗುತ್ತ ಕೆಮ್ಮಿದವನು, ಈಗ ಇಲ್ಲ, ಚೈತ್ರದಲ್ಲಿ ಹೋದ.

ಆದರೆ ತಾಂಡೇಲ ಒಬ್ಬನೇ ಅಲ್ಲ, ಅವಳ ಬಾಯಿ ತನ್ನಷ್ಟಕ್ಕೆ ಪಾಠ ಮಾಡುತ್ತಿದೆ, ಒಳ್ಳೆ ಹವೆಗೆ ಒಬ್ಬ, ಕಾವು ಏರಿದರೆ ಇನ್ನೊಬ್ಬ, ಅನ್ನ ಇಲ್ಲವಾದರೆ ಮತ್ತೊಬ್ಬ ಬಂದು ಚುಕ್ಕಾಣಿ ಹಿಡಿಯುತ್ತಾನೆ, ಎಂಜಿನ್ ಅದೇ, ಓದುವ ಜೀನುಗಳು ಬೇರೆ, ಬೆಳೆಯುವ ಕೆಲಸ ನಿಲ್ಲುತ್ತದೆ, ತಡೆದುಕೊಳ್ಳುವ ಕೆಲಸ ಶುರುವಾಗುತ್ತದೆ, ಕ್ಷಯದ ಬ್ಯಾಕ್ಟೀರಿಯಾಕ್ಕೆ ಇಂಥ ಸಿಗ್ಮಾ ಹದಿಮೂರು, ಬರೆದುಕೊಳ್ಳಿ — ಹದಿಮೂರು ಎಂದು ಅವಳ ಕೈಯೂ ಬರೆಯಿತು, ಬೆರಳಿನ ಕೆಂಪು ಅಂಕಿಗೆ ಮೆತ್ತಿತು — ಹದಿಮೂರು ತಾಂಡೇಲರನ್ನು ಎದೆಯಲ್ಲಿಟ್ಟುಕೊಂಡು ಅಣ್ಣ ಸಮುದ್ರಕ್ಕೆ ಹೋದ, ಅವಳೇ ಕಳಿಸಿದಳು. ಕ್ಷಯಕ್ಕೆ ಕೊಡುವ ಕೆಂಪು ಗುಳಿಗೆ ಎಂಜಿನ್ನನ್ನೇ ಹಿಡಿದು ನಿಲ್ಲಿಸುತ್ತದೆ, ಯಾವ ತಾಂಡೇಲ ಬಂದರೂ ಏನೂ ನಡೆಯದು, ಆದರೆ ಆರು ತಿಂಗಳು ಬಿಡದೆ ಹಿಡಿಯಬೇಕು, ನಡುವೆ ಬಿಟ್ಟರೆ ಮಲಗಿದವು ಏಳುತ್ತವೆ, ಇದು ಅವಳ ಊರು ಹೊನ್ನಾವರದಲ್ಲೆಲ್ಲ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು, ಮೇಡಂ ಅಂತೆ ಮೇಡಂ. ಹೋದ ವರ್ಷ ಮೀನುಗಾರಿಕೆ ನಿಂತ ಎರಡು ತಿಂಗಳು ನರ್ಸ್ ಸರೋಜಾ ಅಣ್ಣನನ್ನು ಎದುರಿಗೆ ಕೂರಿಸಿಕೊಂಡೇ ನುಂಗಿಸಿದಳು, ಕೆಮ್ಮು ನಿಂತಿತು, ಮೈ ತುಂಬಿಕೊಂಡಿತು, ಆಗಸ್ಟಿನಲ್ಲಿ ದೋಣಿ ಹೊರಟಿತು, ಸರೋಜಾ ಅಂದಳು, ಮನೆಯವರ ಕೈಲಿ ಕೊಡೂಕಿಲ್ಲ ಮೇಡಂ, ನೀವು ಕಲ್ತವ್ರು ಅಂತ ಕೊಡ್ತೆ, ವಾರಕ್ಕೊಂದು ಖಾಲಿ ಪಟ್ಟಿ ತಂದು ತೋರಿಸ್ಬೇಕು, ಆತು ಸಿಸ್ಟರ್ ಆತು ಎಂದು ಉಳಿದ ನಾಲ್ಕು ತಿಂಗಳ ಪಟ್ಟಿಗಳನ್ನು ತಂದು, ದೋಣಿ ಎಂದು ಬರುತ್ತದೋ ಯಾರಿಗೆ ಗೊತ್ತು, ವಾರವಾರ ಖಾಲಿ ಪಟ್ಟಿ ಎಲ್ಲಿಂದ ತರುವುದು ಎಂದು ಅಡುಗೆಮನೆಯಲ್ಲಿ ಕೂತು ಒಂದೊಂದೇ ಪಟ್ಟಿ ಒತ್ತಿ, ಟಪ್, ಟಪ್, ಗುಳಿಗೆಗಳನ್ನೆಲ್ಲ ಪೌಡರ್ ಡಬ್ಬಿಗೆ ತುಂಬಿ, ಉಪ್ಪುಗಾಳಿಯ ತೇವ ಹೀರಲೆಂದು ಒಂದು ಹಿಡಿ ಅಕ್ಕಿ ಹಾಕಿ ಮುಚ್ಚಳ ಬಿಗಿದಳು, ಖಾಲಿ ಪಟ್ಟಿಗಳನ್ನು ವಾರಕ್ಕೊಂದರಂತೆ ಸರೋಜಾಳಿಗೆ ಒಯ್ದು ತೋರಿಸಿದಳು.

ಉಚ್ಚೆ ಕೆಂಪಾಗ್ತದೆ ಅಣ್ಣ, ಹೆದರ್ಬೇಡ, ಕೆಂಪಾದ್ರೆ ಔಷಧಿ ಹತ್ತಿದೆ ಅಂತ ಲೆಕ್ಕ, ಅವನು ಮನೆಗೆ ಬಂದಾಗಲೆಲ್ಲ ಕೇಳುತ್ತಿದ್ದಳು, ಕೆಂಪಿದ್ಯಾ, ಇದೆಯೇ ಮಾರಾಯ್ತಿ, ಮುತ್ತುಗದ ಹೂವಿನ ಹಾಂಗೆ ಇದೆ, ಬಂದು ನೋಡ್ತೀಯಾ, ಅವ್ವ ಸಣ್ಣಮ್ಮ ಥೂ ಎಂತ ಮಾತು ಅದು ಎಂದು ಮೀನು ಕೊಯ್ಯುತ್ತಲೇ ಬಯ್ಯುತ್ತಿದ್ದಳು, ಮೂವರೂ ನಗುತ್ತಿದ್ದರು, ಶಿವರಾತ್ರಿಯ ಹೊತ್ತಿಗೆ ಕೆಮ್ಮಿನಲ್ಲಿ ರಕ್ತ ಬಂತು. ಔಷಧಿ ಸೋತಿತು ಎಂದುಕೊಂಡಿದ್ದಳು, ನಿನ್ನೆ ಸಂಜೆಯವರೆಗೂ ಹಾಗೆಯೇ ಅಂದುಕೊಂಡಿದ್ದಳು, ಗುಳಿಗೆಗೆ ಬಗ್ಗದ ಜಾತಿಯ ಕ್ಷಯ, ಯಾರ ತಪ್ಪೂ ಅಲ್ಲ, ಆ ಒಂದು ಮಾತಿನ ಮೇಲೆ ನಿದ್ದೆ ಮಾಡುತ್ತಿದ್ದಳು — ನಿನ್ನೆ ಕೃಷ್ಣಾನಂದ ತಾಂಡೇಲ ಬಾಗಿಲಲ್ಲಿ ನಿಂತ, ಒಳಗೆ ಬರಲಿಲ್ಲ, ದೋಣಿ ತೊಳೆಯುವಾಗ ಎಂಜಿನ್ನಿನ ಸಂದಿಯಲ್ಲಿ ಸಿಕ್ಕಿತು ತಂಗಿ, ನಾಗಂದು, ಎಂದು ಆ ಪೌಡರ್ ಡಬ್ಬಿ ಕೊಟ್ಟ, ಡಬ್ಬಿ ಭಾರವಾಗಿತ್ತು. ದೋಣಿಯಲ್ಲಿ ಮರೆ ಅಂತ ಎಂತ ಇದೆ ತಂಗಿ, ಎಲ್ಲರೂ ಅದೇ ಬದಿಗೆ ನಿಂತು ಉಚ್ಚೆ ಹೊಯ್ಯೂದು, ಮೊದಲ ವಾರ ಒಬ್ಬ ನೋಡಿ ಕೂಗಿದ, ನಾಗ, ನಿಂಗೆ ರಕ್ತ ಹೋಗ್ತದಲ್ಲೋ, ಬೀಟ್‌ರೂಟ್ ತಿಂದಿದ್ದೆ ಅಂದ, ನಾವು ನಕ್ಕೆವು, ಆಮೇಲೆ ಕೆಂಪು ಯಾರೂ ಕಾಣಲಿಲ್ಲ, ನಂಗೆ ಮೊದಲೇ ಹೇಳಿದ್ರೆ — ಹೇಳಿದ್ರೂ ಎಂತ ಮಾಡ್ತಿದ್ದೆನೋ ತಂಗಿ, ಎಂಟು ಜನ ಒಂದೇ ಪಾತ್ರೆಯಿಂದ ಉಣ್ಣೂದು, ಕ್ಷಯ ಅಂತ ಗೊತ್ತಾದ್ರೆ ದಡಕ್ಕೆ ಇಳಿಸೂದೇ ಆಗಿತ್ತು.

ಅವಳು ಯಾವುದನ್ನು ಗುರುತು ಎಂದು ಹೇಳಿಕೊಟ್ಟಿದ್ದಳೋ ಅದಕ್ಕೇ ಅವನು ಹೆದರಿದ, ಲ್ಯಾಬಿನಲ್ಲಿ ಎಲ್ಲ ಬಣ್ಣ ನೋಡಿದವಳು ಅಣ್ಣನ ದೋಣಿಯಲ್ಲಿ ಮರೆ ಇಲ್ಲವೆಂಬುದನ್ನು ಕಾಣಲಿಲ್ಲ, ಮೀನುಗಾರರ ಮನೆಯಲ್ಲಿ ಹುಟ್ಟಿಯೂ ಕಾಣಲಿಲ್ಲ, ನುಂಗಲಿಲ್ಲ ಸರಿ, ಸಮುದ್ರ ಅಷ್ಟು ಹತ್ತಿರ ಇತ್ತು, ಎಸೆಯಬಹುದಿತ್ತಲ್ಲ, ಎಸೆಯಲೂ ಇಲ್ಲ, ತಂಗಿ ಕೊಟ್ಟದ್ದೆಂದು ಇಟ್ಟುಕೊಂಡ, ದೇವರೇ, ಇಟ್ಟುಕೊಂಡ. ಮೇಡಂ, ಮುಂದಿನ ಬೆಂಚಿನ ಹುಡುಗಿ ಕೇಳುತ್ತಿದ್ದಾಳೆ, ಮೇಡಂ, ಬೇರೆ ಸಿಗ್ಮಾ ಬಂದಾಗ ಬ್ಯಾಕ್ಟೀರಿಯಾ ಸಾಯೂದೇ ಇಲ್ವಾ, ಸಾಯುವುದಿಲ್ಲ, ಕಾಯುತ್ತದೆ, ಎಂದು ಹೇಳಬೇಕು, ಮೇಜಿನ ಮೇಲೆ ಅವಳ ಚೀಲ, ಚೀಲದಲ್ಲಿ ಡಬ್ಬಿ, ಬೆಳಿಗ್ಗೆ ಕುಮಟೆಗೆ ಬರುವ ಬಸ್ಸಿನಲ್ಲಿ ಹಳದೀಪುರ ದಾಟುವಾಗ ಮತ್ತೊಮ್ಮೆ ಮುಚ್ಚಳ ತೆಗೆದು ನೋಡಿದ್ದಳು, ಗುಳಿಗೆಗಳು ತೇವಕ್ಕೆ ಕರಗಿ ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದವು, ಮತ್ತೆ ಅಕ್ಕಿ, ಅವಳು ತನ್ನ ಕೈಯಾರೆ ಹಾಕಿದ ಒಂದು ಹಿಡಿ ಅಕ್ಕಿ, ಒಂದು ಕಾಳೂ ಬಿಡದೆ ಕೆಂಪಾಗಿತ್ತು, ಅಕ್ಷತೆಯ ಹಾಗೆ, ಮೇಡಂ, ಹುಡುಗಿ ಮತ್ತೆ ಕರೆಯುತ್ತಾಳೆ, ಕೆಂಪು ಅಕ್ಕಿ, ಒಂದು ಹಿಡಿ, ಕೆಂಪು ಅಕ್ಕಿ