ಹತ್ತು ನಿಮಿಷದ ಸಿಗರೇಟು

ಹನ್ನೊಂದು ಗಂಟೆಗೆಲ್ಲ ನಮ್ಮ ಪಾಲಿಹೌಸು ಕಾದ ಹೆಂಚಾಗುತ್ತದೆ. ಒಳಗೆ ಗುಲಾಬಿ ಕೊಯ್ಯುವ ನಾವು ಇಪ್ಪತ್ತು ಹೆಂಗಸರು ನೀರು ಮುಟ್ಟುತ್ತಿರಲಿಲ್ಲ. ಕುಡಿದರೆ ಉಚ್ಚೆ ಬರುತ್ತದೆ, ಉಚ್ಚೆಗೆ ಸೂಪರ್‌ವೈಸರ್ ಮುತಿಸೋನ ಅಪ್ಪಣೆ ಬೇಕು, ಕೇಳಿದರೆ ಅವನು ಗಡಿಯಾರ ನೋಡುತ್ತಾನೆ. ತಲೆ ಸಿಡಿದರೆ ಜೇಬಿನಲ್ಲಿದ್ದ ನೋವಿನ ಮಾತ್ರೆಯನ್ನು ಒಣಗಂಟಲಲ್ಲೇ ನುಂಗುತ್ತಿದ್ದೆವು. ನೈವಾಶಾ ಸರೋವರ ಬೇಲಿಯಾಚೆಗೇ ಇದೆ. ಅದರ ನೀರು ಪೈಪಿನಲ್ಲಿ ಗುಲಾಬಿಗೆ ಹೋಗುತ್ತದೆ.

ಒಂದು ದಿನ ನಮ್ಮ ಕೆಮುಂತೊ ಕಾಲು ಬಾತುಕೊಂಡು ಸಾಲಿನ ನಡುವೆಯೇ ಬಿದ್ದಳು. ಆಸ್ಪತ್ರೆಯ ನರ್ಸಮ್ಮ ರಕ್ತ ಪರೀಕ್ಷೆ ಮಾಡಿಸಿ ಬೈದಳು. "ಅರ್ಧ ಕಿಡ್ನಿ ಹೋಗಿದೆ ಕಣಮ್ಮ. ಗಂಟೆಗೊಂದ್ಸಲ ನೀರು ಕುಡಿ, ಮಾತ್ರೆ ಬಿಡು, ಉಚ್ಚೆ ಕಟ್ಕೋಬೇಡ. ಇಲ್ಲಾಂದ್ರೆ ಉಳಿದದ್ದೂ ಹೋಗತ್ತೆ. ಕೆಲಸದಿಂದ ಹಿಂಗಾಯ್ತು, ಚಿಕಿತ್ಸೆ ಕೊಡ್ಸಿ ಅಂತ ಕಂಪನಿಗೆ ಅರ್ಜಿ ಹಾಕು."

ಕೆಮುಂತೊ ಅರ್ಜಿ ಹಾಕಿ, ಮುತಿಸೋನ ಮುಂದೆ ಹೋಗಿ ನಿಂತಳು.

"ನೀರಿಗೆ ಅಂತ ಬಿಡುವಿಲ್ಲ," ಅಂದ ಅವನು. "ಸಿಗರೇಟಿಗಿದೆ. ದಿನಕ್ಕೆ ನಾಲ್ಕು ಸಲ, ಹತ್ತತ್ತು ನಿಮಿಷ. ನೀನೇನ್ ಸೇದ್ತೀಯಾ?"

"ನಾಳೆಯಿಂದ ಸೇದ್ತೀನಿ ಬಾಸ್."

ಮರುದಿನ ಗೂಡಂಗಡಿಯಿಂದ ಒಂದೇ ಒಂದು ಸಿಗರೇಟು ತಂದು ತುಟಿಗಿಟ್ಟುಕೊಂಡಳು. ಸಿಗರೇಟಿನ ರಿಜಿಸ್ಟರಿಗೆ ಸಹಿ ಹಾಕಿ ಜಾಲಿಮರದ ಕೆಳಗೆ ಕೂತಳು. ಬಾಟಲಿ ನೀರು ಕುಡಿದಳು, ಪಾಯಿಖಾನೆಗೆ ಹೋಗಿಬಂದಳು, ಸಿಗರೇಟು ಮತ್ತೆ ಜೇಬಿಗೆ. ವಾರದೊಳಗೆ ನಾವಿಪ್ಪತ್ತು ಜನವೂ ಸೇದುವವರಾದೆವು. ಚರ್ಚಿನಲ್ಲಿ ಹಾಡುವ ಅಕೇಯೊ ಅಕ್ಕ ಕೂಡ ಕಿವಿಗೊಂದು ಸಿಕ್ಕಿಸಿಕೊಂಡು ಬಂದಳು.

"ಹೊಗೆ ಎಲ್ರೇ?" ಅಂದ ಮುತಿಸೊ.

"ಕಡ್ಡಿಪೆಟ್ಗೆ ಮರ್ತ್ ಬಂದ್ವಿ ಬಾಸ್," ಅಂದಳು ಅಕೇಯೊ ಅಕ್ಕ. "ನೀವು ಕೊಟ್ರೂ ಬೇಡ, ದೇವ್ರು ನೋಡ್ತಿರ್ತಾನೆ."

ನಕ್ಕು ನಕ್ಕು ನಮಗೆ ಹೊಟ್ಟೆ ಹುಣ್ಣಾಯಿತು. ಕೆಮುಂತೊಳ ಕಾಲಿನ ಬಾವೂ ಇಳಿಯಿತು.

ಮೂರು ತಿಂಗಳಾದ ಮೇಲೆ ಆಫೀಸಿನಿಂದ ಟೈ ಕಟ್ಟಿದ ಸಾಹೇಬರೊಬ್ಬರು ಬಂದು ಗೋಡೆಗೊಂದು ಪಟ್ಟಿ ಅಂಟಿಸಿದರು. ಕಿಡ್ನಿ ಕೆಡಿಸುವವು ಯಾವುವು ಅಂತ: ಸಿಗರೇಟು, ಸಕ್ಕರೆ ಕಾಯಿಲೆ, ಬಿ.ಪಿ., ನೋವಿನ ಮಾತ್ರೆ.

"ನಿಮ್ಮ ಆರೋಗ್ಯಕ್ಕೋಸ್ಕರ ಇವತ್ತಿಂದ ಸಿಗರೇಟ್ ಬಿಡುವು ಬಂದ್," ಅಂದರು.

ಕೆಮುಂತೊ ಎದ್ದು ನಿಂತಳು. "ನೀರು ಕುಡೀದೆ ಇರೋದು ಆ ಪಟ್ಟೀಲಿ ಇಲ್ವಾ ಸಾರ್?"

"ಕುಡಿಯೋದು ಬಿಡೋದು ನಿಮ್ಮಿಷ್ಟ." ಸಾಹೇಬರು ರಿಜಿಸ್ಟರು ತಿರುವಿದರು. "ಕೆಮುಂತೊ ನೀನೇನಾ? ಕೆಲಸದಿಂದ ಕಿಡ್ನಿ ಹೋಯ್ತು ಅಂತ ಅರ್ಜಿ ಹಾಕಿದವಳು? ದಿನಕ್ಕೆ ನಾಲ್ಕು ಸಲ ಸೇದಿದ್ದೀಯಲ್ಲಮ್ಮ. ಇಲ್ನೋಡು, ನಿನ್ನದೇ ಸಹಿ. ನಿನ್ನ ಅರ್ಜಿ ನಡೆಯಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಆ ಹೆಂಗಸು ಜನ್ಮದಲ್ಲೇ ಒಂದು ದಮ್ಮು ಎಳೆದವಳಲ್ಲ.

ಮರುದಿನ ಹತ್ತು ಗಂಟೆಗೆ ಕೆಮುಂತೊ ಕತ್ತರಿ ಕೆಳಗಿಟ್ಟು ಹೊರಗೆ ನಡೆದಳು. ಹಿಂದೆಯೇ ನಾವೆಲ್ಲ ಹೊರಟೆವು. ಮುತಿಸೊ ರಿಜಿಸ್ಟರು ಹಿಡಿದು ಓಡಿಬಂದ.

"ಏಯ್, ಯಾವ ಬಿಡುವಿದು? ನನ್ನ ಪುಸ್ತಕದಲ್ಲಿ ಇಲ್ಲ."

ಕೆಮುಂತೊ ಅವನೆದುರಿಗೇ ಗಟಗಟ ನೀರು ಕುಡಿದು ಬಾಯಿ ಒರೆಸಿಕೊಂಡಳು.

"ಉಚ್ಚೆ ಬಿಡುವು ಬಾಸ್. ಹಂಗೇ ಬರ್ಕೊಳ್ಳಿ. ಸಹಿ ನಾನೇ ಹಾಕ್ತೀನಿ."

ಅವನು ಪೆನ್ನಿಗೆ ತಡಕಾಡುತ್ತಿದ್ದ. ಅಷ್ಟರಲ್ಲಿ ಪಕ್ಕದ ಪಾಲಿಹೌಸಿನ ಬಾಗಿಲೂ ತೆರೆಯಿತು.