ಮೀಟರ್‌ಗೆ ಕೇಳಿದ್ದು ಅಮ್ಮನಿಗೆ ಕೇಳಲಿಲ್ಲ

ಹೊಲಿಗೆ ಕೆಲಸದ ಅಮ್ಮ ಮೊನ್ನೆ ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೆಯೇ ಬಿಟ್ಟು ಒಳಕೋಣೆಯಲ್ಲಿ ನಿದ್ದೆ ಹೋಗಿದ್ದರು. ಹೊಗೆ ಮನೆ ತುಂಬುವಷ್ಟರಲ್ಲಿ ಸೊಸೆ ಬಂದಳು, ಸದ್ಯ!

ಮಗ ಎಲೆಕ್ಟ್ರಿಷಿಯನ್. ಸ್ನಾನದ ನೀರಿನ ಬಿಸಿಯನ್ನೂ ಅಳೆಯದೆ ಮೈಗೆ ಸುರಿದುಕೊಳ್ಳುವ ಆಸಾಮಿಯಲ್ಲ. ಬೀದಿಯವರಿಗೆಲ್ಲ ಅವನು ‘ಮೀಟರ್ ಮಾವ’. ಹೊಗೆ ಕಂಡರೆ ಕೂಗುವ ಎರಡು ಅಲಾರಂ ತಂದ. ಒಂದರದು ಕೀಚಲು ದನಿ, ಇನ್ನೊಂದರದು ದಪ್ಪ ದನಿ. ಒಂದನ್ನು ಇಟ್ಟುಕೊಂಡು ಮತ್ತೊಂದನ್ನು ಅಂಗಡಿಗೆ ಮರಳಿಸಬೇಕು. ಶಬ್ದ ಅಳೆಯುವ ಮೀಟರ್ ಹಿಡಿದರೆ ಎರಡಕ್ಕೂ ಒಂದೇ ಅಂಕಿ!

“ಕೀಚಲೇ ಇರಲಿ ಕಣೇ. ಅದೇ ಜೋರು, ಕಿವಿ ಕಿತ್ತು ಬರುತ್ತೆ!” ಎಂದ ಮಗ.

ಹೆಂಡತಿ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವವಳು. ಬಿಡುತ್ತಾಳೆಯೇ?

“ಅಂಕಿ ಒಂದೇ ಅಂತೀರಿ. ಮತ್ತೆ ಅದೊಂದೇ ಜೋರು ಹೇಗಾಯ್ತು?”

ಮೀಟರ್ ಮಾವ ತಲೆ ಕೆರೆದುಕೊಂಡ. “ಮೀಟರ್ ಸುಳ್ಳು ಹೇಳುತ್ತೆ ಅಂತೀಯೇನೇ?”

“ಇಲ್ಲಾರೀ. ಅದು ಅಳೆಯೋದು ಗಾಳಿಯ ಅದುರಾಟ. ಜೋರು ಅನ್ನಿಸೋದು ಕಿವಿ, ಮಿದುಳು ಎರಡೂ ಸೇರಿ ಮಾಡೋ ಲೆಕ್ಕ. ನಮ್ಮ ಕಿವಿಗೆ ಕೀಚಲು ಬೇಗ ಚುಚ್ಚುತ್ತೆ. ಅಷ್ಟೇ ಅಂಕಿಯ ದಪ್ಪ ದನಿ ಮೆತ್ತಗೆ ಕೇಳುತ್ತೆ. ಆದ್ರೆ ವಯಸ್ಸಾದ ಮೇಲೆ ಹೆಚ್ಚಿನವರಿಗೆ ಮೊದಲು ಮಂಕಾಗೋದೇ ಆ ಕೀಚಲು!”

“ಸುಮ್ನೆ ಹೆದರಿಸಬೇಡ.”

“ಅತ್ತೆ ಮಲಗಿದ್ದಾರೆ. ಈಗ್ಲೇ ನೋಡೋಣ ಬನ್ನಿ!”

ಕೀಚಲು ಅಲಾರಂ ಒತ್ತಿದರು. ಕೀಂ! ಕೀಂ! ಎದುರುಮನೆಯವರು ಬಕೆಟ್ ಹಿಡಿದು ಓಡಿಬಂದರು. ನಾಯಿ ಮಂಚದಡಿ ಸೇರಿತು. ಅಮ್ಮ ಮಾತ್ರ ಮಗ್ಗುಲು ಕೂಡ ಬದಲಿಸಲಿಲ್ಲ. ಮಗನ ಮುಖ ಬಿಳಿಚಿಕೊಂಡಿತು.

ತಡಮಾಡದೆ ಇನ್ನೊಂದನ್ನು ಒತ್ತಿದ. ಪೋಂ! ಪೋಂ!

ಅಮ್ಮ ಧಡಕ್ಕನೆ ಎದ್ದು ಕೂತರು. “ಯಾರೋ ಅದು, ಮನೆಯೊಳಗೆ ಲಾರಿ ನುಗ್ಗಿಸ್ತಿರೋದು?”

“ಎದ್ದಳು ಕಣೇ! ಅಮ್ಮ ಎದ್ದಳು!” ಮಗ ಓಡಿಹೋಗಿ ತಾಯಿಯನ್ನು ತಬ್ಬಿಕೊಂಡ. ಅಮ್ಮನಿಗೆ ತಲೆಬುಡ ಅರ್ಥವಾಗಲಿಲ್ಲ. ದಪ್ಪ ದನಿಯ ಅಲಾರಂ ಅಂದೇ ಅವರ ಕೋಣೆಯ ಮೇಲ್ಛಾವಣಿ ಏರಿತು.

ಅಕ್ಕಂದಿರೇ, ಅಣ್ಣಂದಿರೇ, ಮನೆಯ ಅಲಾರಂ ನಿಮಗೆ ಕೇಳಿದರೆ ಸಾಲದು. ಹಿರಿಯರು ಬಾಗಿಲು ಮುಚ್ಚಿ ಮಲಗಿದ್ದಾಗ ಒಮ್ಮೆ ಒತ್ತಿ ನೋಡಿ. ಅವರು ಏಳದಿದ್ದರೆ ದಪ್ಪ ದನಿಯದನ್ನು ಹಾಕಿಸಿ, ಅವರ ಕಿವಿಯನ್ನೂ ಪರೀಕ್ಷೆ ಮಾಡಿಸಿ. ನಾಳೆ ಅನ್ನಬೇಡಿ, ಇವತ್ತೇ ನೋಡಿ. ಬೆಂಕಿ ಬಿದ್ದಾಗ ಎದ್ದು ಹೊರಗೆ ಬರಬೇಕಾದವರು ಅವರು!