ನೋಡಿಕೊಳ್ಳುವವರು ಯಾರೂ ಇಲ್ಲ

ಸುಳ್ಳು ಹೇಳುವುದನ್ನು ಹೆತ್ತತಾಯಿಯೇ ಕೂರಿಸಿಕೊಂಡು ಕಲಿಸಿದ ಮನೆಯನ್ನು ನೀವೆಲ್ಲಾದರೂ ಕಂಡಿದ್ದೀರಾ? ಟೈಲರಮ್ಮನ ಮನೆಯಲ್ಲಿ ನಡೆದದ್ದು ಅದೇ.

ಅವಳ ಅಣ್ಣ ಬೇಕರಿ ಕೆಲಸಕ್ಕೆಂದು ಯುರೋಪಿನ ಒಂದು ದೇಶಕ್ಕೆ ಹೋಗಿ, ಒಲೆಯ ಮುಂದೆ ಬೆವರು ಸುರಿಸಿ, ಕೊನೆಗೂ ಅಲ್ಲೇ ಕಾಯಂ ಇರುವ ಪರವಾನಗಿ ಗಿಟ್ಟಿಸಿಕೊಂಡಿದ್ದ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವುದು ಸಲೀಸಾಗಿ ಆಯಿತು. ಅಮ್ಮನ ವಿಷಯಕ್ಕೆ ಮಾತ್ರ ಬೇರೆಯೇ ಕಾನೂನು. ವಯಸ್ಸಾದ ತಾಯಿಗೆ ತನ್ನ ದೇಶದಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲವೆಂದು ಖಾತ್ರಿಯಾದರೆ ಮಾತ್ರ ವೀಸಾ. ಇಲ್ಲಿ ನೋಡಿದರೆ ಮಗಳು ಗುಂಡುಕಲ್ಲಿನ ಹಾಗೆ ಇದ್ದಾಳೆ, ಅದೂ ಒಂದೇ ಸೂರಿನಡಿ! ಅಣ್ಣ ಫೋನಿನಲ್ಲಿ ಉಪಾಯ ಹೇಳಿದ. “ಸಂದರ್ಶನದಲ್ಲಿ ನಿನ್ನನ್ನೂ ಕೇಳ್ತಾರೆ. ನನ್ನ ಕೈಲಿ ಆಗಲ್ಲ ಅಂದ್ಬಿಡು, ಅಷ್ಟೇ.”

ಅಷ್ಟೇ ಅಂತೆ! ಹೇಳುವವನದ್ದೇನು ಹೋಗಬೇಕು?

ಅಮ್ಮ ಒಂದು ಕಾಲದಲ್ಲಿ ಶಾಲೆಯ ಮಕ್ಕಳಿಂದ ನಾಟಕ ಆಡಿಸುತ್ತಿದ್ದ ಟೀಚರು. ಸೊಂಟ ಮುರಿದು ಮೂಲೆ ಹಿಡಿದಿದ್ದರೂ ಗತ್ತು ಮುರಿದಿರಲಿಲ್ಲ. ಮೊಮ್ಮಕ್ಕಳನ್ನು ಕಣ್ತುಂಬ ನೋಡಬೇಕೆಂಬ ಆಸೆ ಬೇರೆ. ಮಗಳನ್ನು ಎದುರಿಗೆ ಕೂರಿಸಿಕೊಂಡಳು.

“ಎಲ್ಲಿ, ಹೇಳು.”

“ನನಗೆ ಹೊಲಿಗೆ ಕೆಲಸ ಜಾಸ್ತಿ. ಅಮ್ಮನ್ನ ನೋಡ್ಕೊಳ್ಳೋಕೆ ಆಗ್ತಿಲ್ಲ.”

“ಅಯ್ಯೋ ನಿನ್ನ! ನಾಳೆ ಹಾಲು ಬೇಡ ಅಂತ ಹಾಲಿನವನಿಗೆ ಹೇಳಿದ ಹಾಗಿದೆ. ಸ್ವಲ್ಪ ರೋಸಿಹೋದವಳ ಥರ ಹೇಳೇ.”

“ನಂಗೆ ಬರಲ್ಲಮ್ಮ.”

“ಬರಲ್ಲ ಅಂದ್ರೆ? ನಾನು ಕೊಡೋ ಕಾಟ ಕಮ್ಮೀನಾ?”

ಇಬ್ಬರೂ ನಕ್ಕರು. ಮಗಳ ನಗು ಅರ್ಧಕ್ಕೇ ನಿಂತಿತು. ಅವಳಿಗೆ ಸುಳ್ಳಿನ ಭಯವಿರಲಿಲ್ಲ. ಬಾಯಿ ಬಿಟ್ಟರೆ ಸುಳ್ಳಿನ ಬೆನ್ನಿಗೇ ನಿಜವೂ ಹೊರಬಿದ್ದೀತೆಂಬ ಭಯವಿತ್ತು.

ಸಂದರ್ಶನದ ದಿನ ಬೆಳಗ್ಗೆ ಅವಳು ಮಾಡಿದ ಎಡವಟ್ಟು ನೋಡಿ. ಎಂದಿನಂತೆ ಅಮ್ಮನಿಗೆ ಬಿಸಿನೀರು ಹಾಕಿ, ತಲೆ ಬಾಚಿ ಜಡೆ ಹೆಣೆದು, ಇಸ್ತ್ರಿ ಮಾಡಿದ ಉಡುಪು ತೊಡಿಸಿ, ಉಗುರನ್ನೂ ಕತ್ತರಿಸಿ ಗಾಲಿಕುರ್ಚಿಯಲ್ಲಿ ಕೂರಿಸಿದಳು. ದಿಕ್ಕಿಲ್ಲದ ಮುದುಕಿಯೆಂದು ತೋರಿಸಲು ಹೊರಟವರು ಮದುವಣಗಿತ್ತಿಯ ಹಾಗೆ ಸಿಂಗರಿಸಿಕೊಂಡು ಹೋಗುತ್ತಾರೆಯೇ? ಕೈಗೆ ಅಭ್ಯಾಸವಾಗಿ ಹೋಗಿತ್ತು, ತಲೆಗೆ ಹೊಳೆಯಲಿಲ್ಲ.

ವೀಸಾ ಕಚೇರಿಯಲ್ಲಿ ಗಾಜಿನಾಚೆ ಅಧಿಕಾರಿ ಕೂತಿದ್ದರು, ಅವರ ಪಕ್ಕ ಮಾತನ್ನು ಭಾಷಾಂತರಿಸುವ ಹೆಂಗಸು. ಅಧಿಕಾರಿ ಅಮ್ಮನನ್ನೇ ದಿಟ್ಟಿಸಿದರು. ತೋಳೆತ್ತಲಾಗದವರಿಗೆಂದು ಮುಂದುಗಡೆ ದೊಡ್ಡ ಗುಂಡಿಗಳನ್ನಿಟ್ಟು ಹೊಲಿದ ಉಡುಪು ಅವರ ಕಣ್ಣಿಗೆ ಬಿತ್ತು.

“ಇದನ್ನ ಯಾರು ಹೊಲಿದದ್ದು ಅಂತ ಕೇಳ್ತಿದ್ದಾರೆ,” ಎಂದಳು ಆ ಹೆಂಗಸು.

“ನಾನೇ!” ಎಂದ ಟೈಲರಮ್ಮ ಮರುಕ್ಷಣ ನಾಲಿಗೆ ಕಚ್ಚಿಕೊಂಡಳು.

ಅಧಿಕಾರಿ ಪೆನ್ನು ಕೆಳಗಿಟ್ಟರು. “ಇಷ್ಟು ಚೆನ್ನಾಗಿ ನೋಡಿಕೊಳ್ಳೋರು ಇದ್ದಾರಲ್ಲ, ಅಂತಿದ್ದಾರೆ,” ಎಂದಳು ಹೆಂಗಸು.

ಅಮ್ಮನ ಮುಖ ಸಪ್ಪಗಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದುಕೊಂಡ ಟೈಲರಮ್ಮ ಗಾಜಿನತ್ತ ಬಾಗಿದಳು. ಕಲಿತ ಸಾಲು ಒಂದೂ ನೆನಪಾಗಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದಳು.

“ಚೆನ್ನಾಗಿ ನೋಡ್ಕೊಳ್ಳಲ್ಲ. ಕರೆದರೆ ಕೇಳಿಸದೇ ಇರೋ ಹಾಗೆ ಇರ್ತೀನಿ.” ಹೆಂಗಸು ಅದನ್ನು ಅವರ ಭಾಷೆಗೆ ತಿರುಗಿಸಿದಳು. “ಸೂಜಿಯಿಂದ ದಾರ ತೆಗೆದು ಬರೀ ಮಿಷನ್ ತುಳೀತೀನಿ. ಸದ್ದಲ್ಲಿ ಕೇಳಿಸ್ಲಿಲ್ಲ ಅನ್ನಬಹುದಲ್ಲ ಅಂತ.” ಅದನ್ನೂ ತಿರುಗಿಸಿದಳು. “ಒಂದ್ಸಲ ಬಚ್ಚಲಲ್ಲಿ ಒದ್ದೆ ಮೈಯಲ್ಲೇ ಕೂತು ಕರೀತಿದ್ರು. ಟವೆಲ್ ಕೊಡೋಕೆ. ನಾನು ತುಳೀತಾನೇ ಇದ್ದೆ.”

ಈ ಸಲ ಹೆಂಗಸು ತುಸು ತಡೆದು ಅವಳನ್ನೇ ನೋಡಿದಳು, ಆಮೇಲೆ ತಿರುಗಿಸಿದಳು. ಅಧಿಕಾರಿ ಬರೆದುಕೊಂಡರು. ಪಕ್ಕಕ್ಕೆ ತಿರುಗಿ ಅಮ್ಮನ ಮುಖ ನೋಡುವ ಧೈರ್ಯ ಟೈಲರಮ್ಮನಿಗಾಗಲಿಲ್ಲ.

ವೀಸಾ ಬಂತು. ಅಣ್ಣ ಫೋನಿನಲ್ಲಿ ಕುಣಿದಾಡಿದ, “ಭೇಷ್ ತಂಗಿ, ಏನು ನಾಟಕ ಆಡಿದ್ಯೇ!” ಎಂದ. ಆ ಹೊಗಳಿಕೆ ಗಾಯಕ್ಕೆ ಉಪ್ಪು ಸವರಿದ ಹಾಗಾಯಿತು. ಅಮ್ಮ ಮಾತ್ರ ಆ ವಿಷಯವನ್ನೇ ಎತ್ತಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮಾಡಿದ್ದುಣ್ಣೋ ಮಹಾರಾಯ ಎಂದು ತನ್ನನ್ನು ತಾನೇ ಶಪಿಸಿಕೊಳ್ಳುತ್ತ ಟೈಲರಮ್ಮ ದಿನ ದೂಡಿದಳು.

ಹೊರಡುವ ಮುನ್ನಾದಿನ ಪೆಟ್ಟಿಗೆಗೆ ಬಟ್ಟೆ ತುಂಬುತ್ತ ಅವಳಿಗೆ ತಡೆಯಲಾಗಲಿಲ್ಲ.

“ಅಮ್ಮ, ಅವತ್ತು ಹೇಳಿದ್ದು ವೀಸಾಗೋಸ್ಕರ ಕಣಮ್ಮ.”

“ಹೊಲಿಯೋವಾಗಿನ ಸದ್ದೇ ಬೇರೆ, ಬರೀ ತುಳಿಯೋ ಸದ್ದೇ ಬೇರೆ,” ಎಂದಳು ಅಮ್ಮ. “ಇಷ್ಟು ವರ್ಷದಿಂದ ಕೇಳ್ತಿರೋ ಕಿವಿಗೆ ಗೊತ್ತಾಗಲ್ವೇನೇ?”

ಟೈಲರಮ್ಮನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. “ಗೊತ್ತಿದ್ದೂ ಯಾಕೆ ಕರೀತಿದ್ದೆ ಮತ್ತೆ?”

“ಬೆಳಗ್ಗೆಯಿಂದ ಬೆನ್ನು ಬಗ್ಗಿಸ್ಕೊಂಡು ಕೂತಿರ್ತೀಯ. ನಾನು ಕರೆದರಾದರೂ ಎದ್ದು ನಾಲ್ಕು ಹೆಜ್ಜೆ ಹಾಕ್ತೀಯಲ್ಲ ಅಂತ. ಅರ್ಧಕ್ಕರ್ಧ ಸಲ ನನಗೇನೂ ಬೇಕಿರ್ತಿರಲಿಲ್ಲ.” ಅಮ್ಮ ಮಡಿಲಲ್ಲಿದ್ದ ಸ್ವೆಟರಿನ ತೋಳನ್ನು ಮಡಿಸಿದಳು. “ಬಚ್ಚಲಲ್ಲಿ ಮಾತ್ರ ಟವೆಲ್ ಬೇಕಿತ್ತು.”

ಟೈಲರಮ್ಮ ಅಮ್ಮನ ಮಡಿಲಲ್ಲಿ ಮುಖವಿಟ್ಟು ಅತ್ತಳು. ಹೋಗಬೇಡಮ್ಮ ಅನ್ನಬೇಕಿತ್ತು. ಅದೊಂದೇ ಮಾತು ಸಾಕಿತ್ತು, ಅದು ಇಬ್ಬರಿಗೂ ಗೊತ್ತಿತ್ತು. ನಾಳೆಯಿಂದ ಯಾರೂ ಕರೆಯುವುದಿಲ್ಲವೆಂದು ನೆನೆದು ಅವಳ ಒಳಗೆಲ್ಲೋ ಒಂದು ಮೂಲೆ ಹಗುರಾಗಿತ್ತು, ಆ ಹಗುರವೇ ಅವಳನ್ನು ಸುಡುತ್ತಿತ್ತು. ತಲೆಯೆತ್ತಿ ಬಾಯಿ ತೆರೆದಳು. ಅಮ್ಮ ಸ್ವೆಟರ್ ಹಿಡಿದುಕೊಂಡೇ ಕಾದಳು. ಟೈಲರಮ್ಮ ಅದನ್ನು ಇಸಿದುಕೊಂಡು ಪೆಟ್ಟಿಗೆಗೆ ಹಾಕಿ ಮುಚ್ಚಳ ಮುಚ್ಚಿದಳು.